ಜಾನುಸಂಧಿಯೂ ಮೋಟಾರುಸೈಕಲ್ಲೂ

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಮೊಣಕಾಲಿಗೆ ಜಾನು, ಊರುಪರ್ವ, ಅಷ್ಠೀವತ್ ಎಂದು ಮೂರು ಹೆಸರುಗಳುಂಟೆಂಬುದು ತಿಳಿದೇ ಇರುವುದು. ಮೊದಲನೆಯದು ಗ್ರೀಕರ ಗೋನು, ಲ್ಯಾಟಿನಿನ ಗೆನು ಎಂಬ ಶಬ್ದಗಳಿಗೆ ಒಡಹುಟ್ಟು. ಎರಡನೆಯದಕ್ಕೆ ತೊಡೆಯ ಗಿಣ್ಣು ಎಂದರ್ಥ. ಮೂರನೆಯದು ಅಸ್ಥಿಶಬ್ದದಿಂದ ಬಂದುದು. ಶ್ರೀರಾಮನನ್ನು ಆಜಾನುಬಾಹುವೆಂದು ಕೊಂಡಾಡುವಾಗ ನಾವು ಬಾಹುಗಳನ್ನು ನೆನೆಯುವೆವೇ ಹೊರತು ಜಾನುಗಳನ್ನು ನೆನೆಯುವುದಿಲ್ಲ. ನೋವು ಬಂದ ಮೇಲೆಯೇ ಅವುಗಳಿಗೆ ನಮ್ಮಿಂದ ಮನ್ನಣೆ ಸಲ್ಲುವುದು.

ಈ ಪುಟವನ್ನು ಓದುವವರಲ್ಲಿ ಅರುವತ್ತರ ಆಸುಪಾಸಿನವರು ಅನೇಕರಿರುವರು; ಅವರಲ್ಲಿ ದ್ವಿಚಕ್ರವಾಹನವನ್ನು ಇನ್ನೂ ಬಿಡದವರೂ ಕೆಲವರಿರಬೇಕು. ನಾವು ಆ ಎರಡನೆಯ ಪಂಗಡಕ್ಕೆ ಸೇರಿದವರು. ನಮ್ಮ ಗಾಡಿ ಮೈಸೂರಿನ ಕೂಸು. 1961ರಲ್ಲಿ ಯಾದವಗಿರಿಯಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಕಾರ್ಖಾನೆಯಲ್ಲಿ ಮೊದಲು ಜಾವಾ ಎಂದೂ ತರುವಾಯ ಯೆಜ್ಡಿ ಎಂದೂ ಹೆಸರುಪಡೆದು ಹೊರಬಂದ ಯಂತ್ರಗಳಲ್ಲಿ ಅದೊಂದು. ಹಳ್ಳಿಯ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿ ಸೇರಿದ ಕೆಲವು ವರ್ಷಗಳಲ್ಲಿ ಅದನ್ನು ಕೊಂಡೆವು. ಅಂದಿನಿಂದ ನಮ್ಮನ್ನೂ, ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟುಗಳನ್ನೂ, ಮನೆಯವರನ್ನೂ, ಒಮ್ಮೆ ಒಂದು ಮೂಟೆ ರಾಗಿಯನ್ನೂ ಅದು ಹೊತ್ತಿರುವುದು. ನಮ್ಮೂರಿಗೆ ಬಸ್ಸು ದಿನಕ್ಕೆ ಎರಡೇ ಸಲ. ಮನೆಯಾಕೆಯು ವಾರಕ್ಕೊಮ್ಮೆ ತಮ್ಮ ತಾಯಿಯವರನ್ನು ನೋಡಿಬರುವುದು ಈ ಗಾಡಿಯ ಹಿಂಬದಿಯಲ್ಲಿ ಕುಳಿತೇ. ಆದುದರಿಂದ ಗಾಡಿಯನ್ನು ಬಿಡುವ ಮಾತು ನಮ್ಮ ಮನೆಯಲ್ಲಿ ಕೇವಲ ಹವ್ಯಾಸವನ್ನು ಬಿಡುವ ಮಾತಲ್ಲ.

ಮೋಟಾರುಸೈಕಲ್ಲನ್ನು ನಡೆಯಿಸುವುದು ಕೈಯ ಕೆಲಸವೆಂದು ತಿಳಿದವರು ಬಹಳ. ಮೊಣಕಾಲು ಕೆಟ್ಟವನಿಗೆ ಮಾತ್ರ ಅದು ಕಾಲಿನ ಕೆಲಸವೆಂಬುದು ಗೊತ್ತು. ಅದರಲ್ಲಿಯೂ ಎಡಗಾಲಿನದು. ಏರುವಾಗ ಎಡಗಾಲಿನ ಮೇಲೆ ನಿಂತು ಬಲಗಾಲನ್ನು ಬೀಸಿ ಆಚೆಗೆ ಹಾಕಬೇಕು. ಆಗ ಶರೀರದ ಭಾರವೆಲ್ಲವೂ, ಅದರೊಡನೆ ಒಂದು ತಿರುಚೂ, ಎಡಮಂಡಿಗೆ ಬೀಳುವುದು. ಈಗಿನ ಗಾಡಿಗಳಲ್ಲಿ ಗಿಯರು ಬದಲಾಯಿಸುವುದೂ ಎಡಗಾಲೇ, ಪಕ್ಕದ ಊರೆಯನ್ನು ಒದ್ದು ಇಳಿಸುವುದೂ ಎಡಗಾಲೇ. ನಮ್ಮ ದೇಶದಲ್ಲಿ ವಾಹನಗಳು ರಸ್ತೆಯ ಎಡಮಗ್ಗುಲಲ್ಲಿ ಹೋಗುವುವು. ಮಳೆನೀರು ಹರಿಯಲೆಂದು ರಸ್ತೆಯು ಆ ಮಗ್ಗುಲಿಗೆ ಇಳಿಜಾರಾಗಿರುವುದು. ನಿಲ್ಲಿಸಿ ಎಡಗಾಲನ್ನು ಊರಿದರೆ ನೆಲವು ಎರಡಂಗುಲ ಕೆಳಕ್ಕೆ ಹೋಗಿರುವುದು! ಯೆಜ್ಡಿಯವನಿಗೆ ಇನ್ನೊಂದು ಪಾಡು. ಅದರಲ್ಲಿ ಗಿಯರಿನ ದಂಡವೇ ಕಿಕ್ಕಿನ ದಂಡವೂ ಆಗಿ ಎಡಗಡೆಗೇ ಇರುವುದು. ಕುಳಿತು ಒದ್ದರೆ ಎಡಮಂಡಿಯೇ ಒದೆಯಬೇಕು. ಪಕ್ಕದಲ್ಲಿ ನಿಂತು ಬಲಗಾಲಿನಿಂದ ಒದ್ದರೆ ಎಡಮಂಡಿಯೇ ಮೈಭಾರವನ್ನು ತಡೆಯಬೇಕು. ಸವೆದದ್ದು ನಮ್ಮ ಎಡಮಂಡಿಯೇ ಎಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಒಳಗೆ ಆಗಿರುವುದೇನು? ತೊಡೆಯೆಲುಬಿನ ತುದಿಗೂ ಕಾಲೆಲುಬಿನ ತಲೆಗೂ ನುಣುಪಾದ ಮೃದ್ವಸ್ಥಿಯ ಹೊದಿಕೆಯುಂಟು. ಅವುಗಳ ನಡುವೆ ಬಿದಿಗೆಯ ಚಂದ್ರನಂತಹ ಎರಡು ಮೆತ್ತೆಗಳುಂಟು. ಈ ಹೊದಿಕೆಗೆ ರಕ್ತನಾಳಗಳಿಲ್ಲ. ಆದುದರಿಂದ ಸವೆದುದು ಚರ್ಮದಂತೆ ಮತ್ತೆ ಕೂಡಿಕೊಳ್ಳುವುದಿಲ್ಲ. ಸುಶ್ರುತನು ಜಾನುವನ್ನು ನೂರೇಳು ಮರ್ಮಗಳಲ್ಲಿ ಒಂದನ್ನಾಗಿ ಎಣಿಸಿ, ಅದಕ್ಕೆ ಪೆಟ್ಟಾದರೆ ಕುಂಟುತನ ಬರುವುದೆಂದು ಹೇಳಿರುವನು. ನರಿಯ ತಲೆಯಂತೆ ಊದಿದ ಮಂಡಿಗೆ ಕ್ರೋಷ್ಟುಕಶೀರ್ಷವೆಂದು ಆಯುರ್ವೇದದಲ್ಲಿ ಹೆಸರು. ಸಂಜೆಯ ಹೊತ್ತಿಗೆ ನಮ್ಮ ಮಂಡಿಯನ್ನು ಕಂಡವರು ಈ ಹೆಸರಿಟ್ಟವನ ಕಣ್ಣಿಗೆ ತಲೆದೂಗದೆ ಇರಲಾರರು.

ಎಕ್ಸ್‌ರೇ ಚಿತ್ರವನ್ನು ನೋಡಿ ಸವೆತವನ್ನು ಸೊನ್ನೆಯಿಂದ ನಾಲ್ಕರವರೆಗೆ ಅಂಕವಿಟ್ಟು ಹೇಳುವ ಕ್ರಮವೊಂದು 1957ರಿಂದ ನಡೆದುಬಂದಿದೆ. ನಮಗೆ ಸಿಕ್ಕಿದುದು ಮೂರು. ಜೀವಮಾನವೆಲ್ಲ ಅನ್ಯರಿಗೆ ಅಂಕವಿಟ್ಟವರಿಗೆ ಹೆಚ್ಚು ಅಂಕ ಬಂದು ಹೀಗೆ ಮುಖ ಬಾಡಿದುದು ಇದೇ ಮೊದಲು.

ಇನ್ನು ಚಿಕಿತ್ಸೆಯ ವಿಚಾರ. ಒಬ್ಬ ವೈದ್ಯರು ಚಿತ್ರವನ್ನು ಮಾತ್ರ ನೋಡಿ, ಕಾಲನ್ನು ಮುಟ್ಟದೆಯೇ, ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಳ್ಳಿರೆಂದರು. ಇನ್ನೊಬ್ಬರು ನಮ್ಮನ್ನು ನಡೆಯಿಸಿ, ಕೂರಿಸಿ, ಎಬ್ಬಿಸಿ, ತೊಡೆಯನ್ನು ನೂಲಿನಿಂದ ಅಳೆದು, ಎಡದೊಡೆಯು ಬಲದೊಡೆಗಿಂತ ಬಡವಾಗಿರುವುದನ್ನು ತೋರಿಸಿದರು. ನೋವಿಗೆ ಹೆದರಿ ಕಾಲನ್ನು ಬಳಸದಿದ್ದರೆ ತೊಡೆಯ ಮುಂದಣ ಮಾಂಸಖಂಡವು ಕ್ಷೀಣಿಸುವುದು. ಅದು ಕ್ಷೀಣಿಸಿದರೆ ಸಂಧಿಯ ಮೇಲಿನ ಹೊರೆ ಹೆಚ್ಚಿ ನೋವು ಇಮ್ಮಡಿಸುವುದು. ಈ ಎರಡನೆಯವರ ಮಾತು ನಮಗೆ ಒಪ್ಪಿಗೆಯಾಯಿತು. ಮಂಡಿಯ ಕೆಳಗೆ ಟವಲಿನ ಸುರುಳಿಯನ್ನಿಟ್ಟು ಒತ್ತಿಹಿಡಿಯುವುದು, ಮಲಗಿ ನೇರವಾದ ಕಾಲನ್ನು ಮೊಳದಷ್ಟು ಎತ್ತಿ ಐದೆಣಿಸುವವರೆಗೆ ನಿಲ್ಲಿಸುವುದು, ಕುರ್ಚಿಯಿಂದ ಕೈಯೂರದೆ ಏಳುವುದು, ಇವೇ ಪಾಠಗಳು. ಔಷಧವೆನ್ನಲು ನಾಚುವಷ್ಟು ಸಾಧಾರಣವಾದುವು. ಆದರೂ ಹಾಸುಗೆ ಬಿಡುವ ಮುನ್ನ ದಿನವೂ ಮಾಡುವುದು ಲಘುಕೌಮುದಿಯ ಸೂತ್ರಗಳನ್ನು ಉರುಹಚ್ಚುವುದಕ್ಕಿಂತ ಕಷ್ಟ. ಮೈತೂಕವನ್ನು ಇಳಿಸುವುದೂ ಇದರೊಡನೆ ಸೇರಿರುವುದು. ಒಂದು ಸೇರು ತೂಕ ಇಳಿದರೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ಮಂಡಿಗೆ ನಾಲ್ಕು ಸೇರಿನ ಹೊರೆ ಇಳಿಯುವುದೆಂದು 2005ರಲ್ಲಿ ಅಳೆದು ತೋರಿಸಿರುವರು. ಸಂಜೆಯ ಕೋಡುಬಳೆಗೆ ಅಂದೇ ವಿದಾಯ ಹೇಳಿದೆವು.

ನೋವು ಹೆಚ್ಚಿದಾಗ ಹಚ್ಚುವ ಡೈಕ್ಲೋಫಿನಾಕಿನ ಮುಲಾಮು ಹೊಟ್ಟೆಗೆ ನುಂಗುವ ಗುಳಿಗೆಗಿಂತ ಮೇಲು. ಗುಳಿಗೆಯು ಬಹುಕಾಲ ನಡೆದರೆ ಜಠರವನ್ನೂ ಮೂತ್ರಪಿಂಡಗಳನ್ನೂ ಕೆಣಕುವುದು. ಉದ್ದಿನ ಹಿಟ್ಟಿನ ಕಟ್ಟೆಯನ್ನು ಮಂಡಿಯ ಮೇಲೆ ಕಟ್ಟಿ ಬಿಸಿ ಎಣ್ಣೆ ನಿಲ್ಲಿಸುವ ಜಾನುಬಸ್ತಿಯನ್ನೂ ಮಾಡಿಸಿಕೊಂಡೆವು. ಅದು ಹಿತವೇ ಸರಿ. ಎರಡು ದಿನ ಬಿಗುವು ಸಡಿಲುವುದು. ಸವೆದ ಮೃದ್ವಸ್ಥಿಯು ಅದರಿಂದ ಬೆಳೆಯುವುದೆಂಬ ಮಾತನ್ನು ಮಾತ್ರ ನಾವು ನಂಬಲಾರೆವು, ಸಂಸ್ಕೃತವನ್ನು ಓದಿದವರಾದರೂ.

ಸೂಜಿಮದ್ದುಗಳ ವಿಷಯದಲ್ಲಿ ಜಾಹೀರಾತುಗಳ ಭರಾಟೆಯೇ ಹೆಚ್ಚು. ಸ್ಟೀರಾಯ್ಡಿನ ಸೂಜಿಯು ಕೆಲವು ವಾರ ನೋವನ್ನು ಅಡಗಿಸುವುದು ನಿಜ. ಆದರೆ 2017ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ, ಎರಡು ವರ್ಷ ಮೂರು ತಿಂಗಳಿಗೊಮ್ಮೆ ಅದನ್ನು ಪಡೆದವರಿಗೆ ಉಪ್ಪುನೀರನ್ನು ಪಡೆದವರಿಗಿಂತ ಮೃದ್ವಸ್ಥಿಯು ಹೆಚ್ಚು ಸವೆಯಿತು. ನೋವಿನಲ್ಲಿ ಭೇದ ಕಾಣಲಿಲ್ಲ. ತನ್ನ ರಕ್ತವನ್ನೇ ತೆಗೆದು ಸೋಸಿ ಮಂಡಿಗೆ ತುಂಬುವ ಪಿ.ಆರ್.ಪಿ. ಎಂಬುದಕ್ಕೆ ಪಟ್ಟಣಗಳಲ್ಲಿ ಸಾವಿರಾರು ರೂಪಾಯಿ ಕೇಳುವರು. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದೂ ಉಪ್ಪುನೀರನ್ನು ಮೀರಲಿಲ್ಲ. ದುರ್ಬೀನು ತೂರಿಸಿ ಒಳಗನ್ನು ತೊಳೆಯುವ ಶಸ್ತ್ರಕ್ರಿಯೆಯ ಕಥೆಯು ಇನ್ನೂ ಸ್ವಾರಸ್ಯವಾದುದು. 2002ರಲ್ಲಿ ಹ್ಯೂಸ್ಟನ್ನಿನ ವೈದ್ಯರು 180 ಜನರನ್ನು ತೆಗೆದುಕೊಂಡು, ಕೆಲವರಿಗೆ ನಿಜವಾಗಿಯೂ ತೊಳೆದು, ಕೆಲವರಿಗೆ ಚರ್ಮವನ್ನು ಮಾತ್ರ ಕೊಯ್ದು ಹೊಲಿದರು. ಎರಡು ಪಂಗಡದವರಿಗೂ ಸಮಾನವಾದ ಗುಣವೇ ಕಂಡಿತು!

ಉಳಿದುದು ಸಂಧಿಯನ್ನೇ ಬದಲಾಯಿಸುವುದು. ಇದನ್ನು ಹಗುರವಾಗಿ ಮಾತನಾಡುವವರಲ್ಲಿ ನಾವು ಇಲ್ಲ. ಪ್ರಧಾನಮಂತ್ರಿಗಳಾಗಿದ್ದ ವಾಜಪೇಯಿಯವರಿಗೆ 2000ದಲ್ಲಿ ಎಡಮಂಡಿಯನ್ನೂ 2001ರಲ್ಲಿ ಬಲಮಂಡಿಯನ್ನೂ ಮುಂಬಯಿಯಲ್ಲಿ ಬದಲಾಯಿಸಿದ ಮೇಲೆ ಈ ಚಿಕಿತ್ಸೆಯ ಹೆಸರು ಹಳ್ಳಿಹಳ್ಳಿಗೂ ಮುಟ್ಟಿತು. 2017ರ ಆಗಸ್ಟಿನಲ್ಲಿ ಕೇಂದ್ರಸರ್ಕಾರವು ಬಹಳ ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ 54,720 ರೂಪಾಯಿಗಳ ಮಿತಿಯನ್ನು ಹಾಕಿತು; ಆಸ್ಪತ್ರೆಯ ವೆಚ್ಚ ಅದರಲ್ಲಿ ಸೇರಲಿಲ್ಲ. ಹಾಕಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುವುವೆಂದು 2019ರ ಗಣನೆ. ನಡಿಗೆಯ ನೋವಿಗೆ ಇದಕ್ಕೆ ಸಮನಾದುದು ಬೇರಿಲ್ಲ. ಆದರೆ ಮಡಿಸುವುದಕ್ಕೆ ಮಿತಿಯುಂಟು: ಸಾಮಾನ್ಯವಾಗಿ 110ರಿಂದ 120 ಡಿಗ್ರಿ. ಗಾಡಿಯ ಮೇಲೆ ಕೂರಲು ಅಷ್ಟು ಸಾಕು. ಚಕ್ಕಮಕ್ಕಳ ಹಾಕಿ ಎಲೆಯ ಮುಂದೆ ಕೂರಲು ಸಾಲದು. ರಾತ್ರಿಯ ನಿದ್ದೆಯನ್ನು ನೋವು ಕಸಿದುಕೊಳ್ಳುವವರೆಗೆ, ನಾಲೆಯ ಏರಿಯವರೆಗೂ ನಡೆಯಲಾರೆವೆಂಬುವರೆಗೆ, ನಾವು ಕಾಯುವೆವೆಂದು ನಿಶ್ಚಯಿಸಿದೆವು. ವೈದ್ಯರೂ ಒಪ್ಪಿದರು.

ಗಾಡಿಗೂ ಚಿಕಿತ್ಸೆಯುಂಟು. ಪೀಠವನ್ನು ತಗ್ಗಿಸಿದರೆ ಕಾಲು ನೆಲಕ್ಕೆ ಸುಲಭವಾಗಿ ತಲಪುವುದು, ಆದರೆ ಸವಾರಿಯುದ್ದಕ್ಕೂ ಮಂಡಿ ಹೆಚ್ಚು ಮಡಿಸಿರುವುದು. ಎತ್ತರಿಸಿದರೆ ಇದರ ತಿರುಗುಮುರುಗು. ನಾವು ತಗ್ಗನ್ನು ಆರಿಸಿ, ಅರ್ಧಗಂಟೆಗೊಮ್ಮೆ ಇಳಿದು ನಡೆಯುವ ಪದ್ಧತಿಯನ್ನಿಟ್ಟುಕೊಂಡೆವು. ಹತ್ತುವುದು ಜಗಲಿಯ ಪಕ್ಕದಲ್ಲಿ. ಹೊಸ ಗಾಡಿಗಳನ್ನು ಕೊಳ್ಳುವವರು ಗುಂಡಿಯೊತ್ತಿ ಚಾಲೂ ಮಾಡುವುದನ್ನೂ, ಹಿಮ್ಮಡಿಯಿಂದಲೂ ಒತ್ತಬಹುದಾದ ಗಿಯರಿನ ದಂಡವುಳ್ಳದ್ದನ್ನೂ ಆರಿಸುವುದೊಳ್ಳೆಯದು. ಸ್ಕೂಟರಿನಲ್ಲಿ ಗಿಯರಿಗೂ ಕಾಲು ಬೇಡ, ಏರಲು ಕಾಲು ಬೀಸಲೂ ಬೇಡ. ಅದರ ಸಣ್ಣ ಚಕ್ರಗಳಿಗೆ ನಮ್ಮ ಹಳ್ಳಿಯ ಗುಂಡಿಗಳು ಮಾತ್ರ ಆಗಿಬರುವುದಿಲ್ಲ.

ಇಷ್ಟೆಲ್ಲ ಹೇಳಿದರೂ ಮುಖ್ಯವಾದುದೊಂದು ಉಳಿದಿದೆ. ಕಳೆದ ಸುಗ್ಗಿಯಲ್ಲಿ ಕಬ್ಬಿನ ಗಾಡಿಗೆ ದಾರಿ ಬಿಟ್ಟು ನಿಂತಾಗ ಮಂಡಿಯು ಒಮ್ಮೆಲೆ ಕುಸಿಯಿತು. ಯಂತ್ರವು ಎಡಕ್ಕೆ ವಾಲಿತು. ಹಾದಿಯಲ್ಲಿದ್ದ ಹುಡುಗನೊಬ್ಬನು ಹಿಡಿದುಕೊಂಡನು. ಅಂದು ಹಿಂಬದಿಯಲ್ಲಿ ಯಾರೂ ಇರಲಿಲ್ಲ. ನೋವನ್ನು ಸಹಿಸುವುದು ಸವಾರನ ಸ್ವಂತದ ವಿಚಾರ. ಕುಸಿಯುವ ಮಂಡಿಯು ಹಾಗಲ್ಲ. ಐವತ್ತೈದು ದಾಟಿದವರಿಗೆ ಲೈಸೆನ್ಸನ್ನು ಐದೈದು ವರ್ಷಕ್ಕೆ ಹೊಸದು ಮಾಡುವಾಗ ವೈದ್ಯರ ಪತ್ರವನ್ನು ಕೇಳುವರಷ್ಟೆ. ಆ ಪತ್ರಕ್ಕಿಂತ ಬಿಗಿಯಾದ ಪರೀಕ್ಷೆಯೊಂದನ್ನು ಮನೆಯಾಕೆಯು ವಿಧಿಸಿದರು. ಎಡಗಾಲೊಂದರ ಮೇಲೆಯೇ ಇಪ್ಪತ್ತೆಣಿಸುವವರೆಗೆ ಅಲುಗದೆ ನಿಲ್ಲಬೇಕು. ಅಲ್ಲಿಯವರೆಗೆ ತಾವು ಬಸ್ಸಿನಲ್ಲಿಯೇ ಹೋಗುವೆವೆಂದರು. ವ್ಯಾಯಾಮವನ್ನು ಹಿಡಿದು ಈಗ ಒಂಬತ್ತು ವಾರ. ನಿನ್ನೆ ಹದಿನಾಲ್ಕರವರೆಗೆ ನಿಂತೆವು. ಎಣಿಸಿದವರು ಅವರೇ, ಎಣಿಕೆಯೂ ಸಾವಕಾಶವಾಗಿಯೇ ಇದ್ದಿತು.