ದೂರದರ್ಶನ ತೋರಿಸದ ದಡ

ಈಗಿನ ಸುದ್ದಿ ವಾಹಿನಿಗಳ ಕಿರುಚಾಟಕ್ಕೆ ತಲೆ ಚಿಟ್ಟು ಹಿಡಿದಾಗಲೆಲ್ಲ ನನ್ನ ವಯಸ್ಸಿನವರು ಹೇಳುವ ಮಾತೊಂದಿದೆ: ‘ಆಗ ದೂರದರ್ಶನ ಎಷ್ಟು ಗಂಭೀರವಾಗಿತ್ತು ಮಾರಾಯ! ಇಂದಿರಾ ಗಾಂಧಿ ಹೋದಾಗ ನೆನಪಿದೆಯಾ?’ ನೆನಪಿದೆ, ಚೆನ್ನಾಗಿಯೇ ನೆನಪಿದೆ. ಆದರೆ ಆ ನೆನಪನ್ನು ಗಾಂಭೀರ್ಯಕ್ಕೆ ಸಾಕ್ಷಿಯಾಗಿ ಎಳೆದು ತರುವುದಕ್ಕೆ ನನ್ನ ತಕರಾರಿದೆ.

1984ರಲ್ಲಿ ನನಗೆ ಹತ್ತು ವರ್ಷ. ನಾವಿದ್ದದ್ದು ಬೆಂಗಳೂರಿನ ಹನುಮಂತನಗರದ ಒಂದು ವಠಾರದಲ್ಲಿ. ಇಡೀ ವಠಾರಕ್ಕೆ ಇದ್ದದ್ದು ಒಂದೇ ಟೀವಿ, ಅದು ಮನೆ ಓನರ್‌ದು. ಮರದ ಪೆಟ್ಟಿಗೆ, ಎಳೆದು ಮುಚ್ಚುವ ಶಟರ್, ಶಟರಿಗೊಂದು ಬೀಗ. ಕಪ್ಪು ಬಿಳುಪಿನ ಪರದೆಯ ಮುಂದೆ ಅವರೊಂದು ಬಣ್ಣದ ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿದ್ದರು: ಮೇಲೆ ನೀಲಿ, ನಡುವೆ ಕಿತ್ತಳೆ, ಕೆಳಗೆ ಹಸಿರು. ಕಲರ್ ಟೀವಿ ಕೊಳ್ಳಲಾಗದವರಿಗೆ ಅದೇ ಕಲರ್ ಟೀವಿ. ವಾರ್ತೆ ಓದುವವರ ಹಣೆ ನೀಲಿ, ಕೆನ್ನೆ ಕಿತ್ತಳೆ, ಉಟ್ಟ ಸೀರೆ ಯಾವತ್ತೂ ಹಸಿರು.

ಅಕ್ಟೋಬರ್ 31 ಬುಧವಾರ, ಅಂದರೆ ಸಿನಿಮಾ ಹಾಡುಗಳ ಚಿತ್ರಹಾರ್ ಬರುವ ದಿನ. ಮರುದಿನ ರಾಜ್ಯೋತ್ಸವ, ಶಾಲೆಯ ಕೋಲಾಟದ ತಂಡದಲ್ಲಿ ನಾನೂ ಇದ್ದೆ. ಮಧ್ಯಾಹ್ನವೇ ಗಂಟೆ ಬಾರಿಸಿ ಮನೆಗೆ ಕಳಿಸಿಬಿಟ್ಟರು. ದೆಹಲಿಯಲ್ಲಿ ಬೆಳಿಗ್ಗೆ 9.20ರ ಸುಮಾರಿಗೆ, ಸಫ್ದರ್‌ಜಂಗ್ ರಸ್ತೆಯ ಮನೆಯಿಂದ ಪಕ್ಕದ ಅಕ್ಬರ್ ರಸ್ತೆಯ ಕಚೇರಿಗೆ ನಡೆದು ಹೋಗುತ್ತಿದ್ದ ಪ್ರಧಾನಿಗೆ ಅವರದೇ ಸಿಖ್ ಅಂಗರಕ್ಷಕರಿಬ್ಬರು ಗುಂಡಿಕ್ಕಿದ್ದರು. ಪೀಟರ್ ಉಸ್ತಿನೋವ್ ಎಂಬ ನಟ ಐರಿಷ್ ಟೀವಿಗಾಗಿ ಮಾಡಲಿದ್ದ ಸಂದರ್ಶನಕ್ಕೆ ಅವರು ಹೊರಟಿದ್ದರು. ಕ್ಯಾಮೆರಾ ಕಾದು ಕೂತಿತ್ತು. ಬಿಬಿಸಿ ಹಗಲಲ್ಲೇ ಸಾವಿನ ಸುದ್ದಿ ಹೇಳಿತು. ಆಕಾಶವಾಣಿ ಸಂಜೆಯವರೆಗೆ ಬಾಯಿ ಬಿಡಲಿಲ್ಲ. ಶಾರ್ಟ್‌ವೇವ್ ರೇಡಿಯೊ ಇದ್ದವರು ಗೊತ್ತಿದ್ದವರಾದರು, ಉಳಿದವರು ಅವರ ಮುಖ ನೋಡುತ್ತ ನಿಂತರು. ‘ಹೋಗ್ಬಿಟ್ರಂತೆ, ಸರ್ಕಾರ ಹೇಳ್ತಿಲ್ಲ ಅಷ್ಟೆ’ ಎಂದು ವಠಾರದ ಬಾಗಿಲಲ್ಲಿ ಯಾರೋ ಅಪ್ಪನಿಗೆ ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿತ್ತು. ಸಂಜೆ, ಮುಡಿಯಲ್ಲಿ ಗುಲಾಬಿ ಸಿಕ್ಕಿಸಿಕೊಳ್ಳುವುದಕ್ಕೇ ಹೆಸರಾಗಿದ್ದ ಸಲ್ಮಾ ಸುಲ್ತಾನ್ ದೂರದರ್ಶನದಲ್ಲಿ ಸುದ್ದಿ ಓದಿದರು. ಚಿತ್ರಹಾರ್ ಬರಲಿಲ್ಲ. ನಮ್ಮ ಮೊದಲ ದುಃಖ ಅದೇ, ಸುಳ್ಳೇಕೆ ಹೇಳಲಿ.

ಅಜ್ಜಿಯದು ಬೇರೆ ದುಃಖ. ಅವಳು ಮೂಡಿಗೆರೆ ಕಡೆಯವಳು. 1978ರಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರು ಕ್ಷೇತ್ರದಲ್ಲಿ ವೀರೇಂದ್ರ ಪಾಟೀಲರ ಎದುರು ನಿಂತು ಗೆದ್ದ ಇಂದಿರಾ ಅವಳ ಪಾಲಿಗೆ ಪ್ರಧಾನಿಗಿಂತ ಹೆಚ್ಚಾಗಿ ‘ನಮ್ಮೂರಲ್ಲಿ ಓಟಿಗೆ ನಿಂತಿದ್ದ ಇಂದ್ರಮ್ಮ’. ರಸ್ತೆ ಪಕ್ಕದಲ್ಲಿ ನಿಂತು, ಜೀಪಿನಿಂದ ಕೈ ಮುಗಿದವರನ್ನು ಕಂಡಿದ್ದಳು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನವೆಂಬರ್ 3ರ ಅಂತ್ಯಸಂಸ್ಕಾರಕ್ಕೆ ಓನರಮ್ಮ ಹಾಲಿನ ಎರಡೂ ಬಾಗಿಲು ತೆರೆದಿಟ್ಟರು. ಅಲ್ಲಿಯವರೆಗೆ ಒಳಗೆ ಕಾಲಿಡದವರೂ ಅಂದು ಒಳಗೆ ಬಂದು ನೆಲದ ಮೇಲೆ ಕೂತರು. ಗಾಂಧೀಜಿಯ ಅಂತಿಮಯಾತ್ರೆಯನ್ನು 1948ರಲ್ಲಿ ಜನ ಕೇಳಿದ್ದು ರೇಡಿಯೊದಲ್ಲಿ, ಮೆಲ್ವಿಲ್ ಡಿ ಮೆಲ್ಲೊ ಅವರ ದನಿಯಲ್ಲಿ. ನೆಹರೂ, ಶಾಸ್ತ್ರಿಯವರ ಕಾಲಕ್ಕೂ ಊರೂರಿಗೆ ಟೀವಿ ಇರಲಿಲ್ಲ. 1984ರಲ್ಲಿ ತಿಂಗಳುಗಟ್ಟಲೆ ದಿನಕ್ಕೊಂದರಂತೆ ಹೊಸ ಟ್ರಾನ್ಸ್‌ಮಿಟರ್‌ಗಳು ಎದ್ದಿದ್ದವು. ಹಾಗಾಗಿ ದೇಶ ಒಟ್ಟಿಗೆ ಕೂತು, ಕಣ್ಣಾರೆ ನೋಡಿದ ಮೊದಲ ಚಿತೆ ಇದು. ನಾವು ಮಕ್ಕಳು ನೋಡಿದ್ದು ಅಮಿತಾಭ್ ಬಚ್ಚನ್‌ನನ್ನು. ಎರಡು ವರ್ಷದ ಹಿಂದೆ ನಮ್ಮ ಬೆಂಗಳೂರಲ್ಲೇ ‘ಕೂಲಿ’ ಶೂಟಿಂಗಿನಲ್ಲಿ ಪೆಟ್ಟು ತಿಂದವನು, ನಮ್ಮವನೇ ಎಂಬ ಸಲಿಗೆ. ಆಮೇಲೆ ನೋಡಿದ್ದು ನಮಗಿಂತ ಸ್ವಲ್ಪವೇ ದೊಡ್ಡವರಾದ ಆ ಇಬ್ಬರು ಮೊಮ್ಮಕ್ಕಳನ್ನು. ದೊಡ್ಡವರು ನೋಡಿದ್ದು ಮಗ ರಾಜೀವರನ್ನು. ‘ಆ ಹುಡ್ಗ ಒಂದ್ ಹನಿ ಕಣ್ಣೀರ್ ಹಾಕ್ಲಿಲ್ವಲ್ಲೇ’ ಎಂದು ಅಜ್ಜಿ ಸೆರಗಲ್ಲಿ ಮೂಗೊರೆಸಿಕೊಂಡಳು. ಚಿತೆಗೆ ಬೆಂಕಿ ಕೊಟ್ಟಾಗ ಜ್ವಾಲೆ ಪರದೆಯ ಕೆಳಗಿನ ಪಟ್ಟಿಯಲ್ಲಿ ಎದ್ದಿತು. ಹಾಗಾಗಿ ನಾನು ಕಂಡ ಬೆಂಕಿಯ ಬಣ್ಣ ಹಸಿರು. ಇಂದಿಗೂ ಆ ದೃಶ್ಯ ನೆನೆದರೆ ಮೊದಲು ಬರುವುದು ಹಸಿರೇ.

ಅದಕ್ಕೂ ಎರಡು ದಿನ ಮುಂಚಿನದನ್ನು ಈಗ ಹೇಳಬೇಕು. ಪಾರ್ಥಿವ ಶರೀರವನ್ನು ತೀನ್ ಮೂರ್ತಿ ಭವನದಲ್ಲಿ ಇಟ್ಟಿದ್ದರು. ನೇರ ಪ್ರಸಾರ ನಡೆದಿತ್ತು. ಹೊರಗೆ ಸೇರಿದ್ದ ಗುಂಪು ‘ಖೂನ್ ಕಾ ಬದ್ಲಾ ಖೂನ್ ಸೇ ಲೇಂಗೆ’ ಎಂದು ಕೂಗುತ್ತಿದ್ದದ್ದು ಹಾಗೆ ಹಾಗೇ ದೇಶದ ಮನೆಮನೆಗೆ ಬಂತು. ರಕ್ತಕ್ಕೆ ರಕ್ತ ತೀರಿಸುತ್ತೇವೆ ಎಂಬುದು ನಮಗೇನು ಅರ್ಥವಾಗಬೇಕು? ಲಯ ಚೆನ್ನಾಗಿತ್ತು. ವಠಾರದ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತ ಅದನ್ನೇ ಕೂಗಿದೆವು. ಮಿಲಿಟರಿಯಲ್ಲಿದ್ದು ಬಂದ ಮೂರನೇ ಮನೆಯ ಮಾಮ ಹೊರಗೆ ಬಂದು, ‘ಬಾಯ್ ಮುಚ್ರೋ’ ಎಂದು ಗದರಿದರು. ಯಾಕೆಂದು ಹೇಳಲಿಲ್ಲ.

ನಮ್ಮ ಅಂಗಳದಲ್ಲಿ ಅದು ಆಟದ ಹಾಡಾಯಿತು, ದೆಹಲಿಯಲ್ಲಿ ಕೆಲಸವಾಗಿಯೇ ನಡೆಯುತ್ತಿತ್ತು. ಯಮುನೆಯ ಆಚೆ ದಡದ ತ್ರಿಲೋಕ್‌ಪುರಿಯಲ್ಲಿ ನವೆಂಬರ್ 1 ಮತ್ತು 2ರಂದು ಸಿಖ್ ಗಂಡಸರನ್ನು ಮನೆಯಿಂದ ಎಳೆದು ಕೊಂದರು, ಸುಟ್ಟರು. ಅಲ್ಲಿಗೆ ಹೋಗಿ ಬರೆದವರು ‘ಇಂಡಿಯನ್ ಎಕ್ಸ್‌ಪ್ರೆಸ್’ನ ರಾಹುಲ್ ಬೇಡಿ, ಜೋಸೆಫ್ ಮಲಿಯಾಕನ್ ಅವರಂಥ ಪತ್ರಿಕೆಯ ವರದಿಗಾರರು. ದೂರದರ್ಶನದ ಕ್ಯಾಮೆರಾಗಳೆಲ್ಲ ನದಿಯ ಈಚೆ ದಡದಲ್ಲಿದ್ದವು. ದೆಹಲಿಯೊಂದರಲ್ಲೇ ಸತ್ತವರು 2,733 ಎಂಬುದು ಸರ್ಕಾರವೇ ಆಮೇಲೆ ಒಪ್ಪಿದ ಲೆಕ್ಕ. ದೇಶದ ರಾಜಧಾನಿಯಲ್ಲಿ ಮೂರ್ನಾಲ್ಕು ದಿನ ಇಷ್ಟು ಜನರನ್ನು ಕೊಲ್ಲಬೇಕಾದರೆ ಪೊಲೀಸರು ಬೇರೆ ಕಡೆ ನೋಡುತ್ತಿರಬೇಕು. ಅದೇ ತಿಂಗಳು ಪಿಯುಡಿಆರ್ ಮತ್ತು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಗಳು ‘ಹೂ ಆರ್ ದ ಗಿಲ್ಟಿ?’ ಎಂಬ ಕಿರುಹೊತ್ತಿಗೆ ತಂದು, ಇದು ತಾನಾಗಿ ಸಿಡಿದ ಸಿಟ್ಟಲ್ಲ, ಸಂಘಟಿತ ಕೃತ್ಯ ಎಂದವು. ನವೆಂಬರ್ 19ರಂದು ಹೊಸ ಪ್ರಧಾನಿ ರಾಜೀವ್, ದೊಡ್ಡ ಮರ ಬಿದ್ದಾಗ ಭೂಮಿ ಸ್ವಲ್ಪ ನಡುಗುತ್ತದೆ ಎಂದರು.

ನಮ್ಮ ಮನೆಯಲ್ಲಿ ಈ ಎರಡನೆಯ ಕಥೆ ತಲುಪಿದ್ದು ಟೀವಿಯಿಂದಲ್ಲ. ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರಲ್ಲಿ ಅಪ್ಪನಿಗೆ ಪರಿಚಯದ ಸರ್ದಾರ್ಜಿ ಇದ್ದರು. ಸ್ಕೂಟರಿಗೆ ಏನೋ ಬೇಕಾಗಿ ಹೋದ ಅಪ್ಪ ಬರಿಗೈಲಿ ಬಂದರು. ಅಂಗಡಿ ಮುಚ್ಚಿತ್ತಂತೆ. ಎಷ್ಟೋ ವಾರದ ಮೇಲೆ ಅವರು ಸಿಕ್ಕಾಗ, ದೆಹಲಿಯಲ್ಲಿ ಅವರ ಭಾವಮೈದ ಕೂದಲು ಕತ್ತರಿಸಿಕೊಂಡು, ಗಡ್ಡ ಬೋಳಿಸಿಕೊಂಡು ಉಳಿದುಕೊಂಡ ಸುದ್ದಿ ಹೇಳಿದರಂತೆ. ಅಪ್ಪ ಅದನ್ನು ಅಮ್ಮನಿಗೆ ಹೇಳುವಾಗ ನಾನು ಹೋಮ್‌ವರ್ಕ್ ಮಾಡುತ್ತಿದ್ದೆ. ಸರ್ದಾರ್ಜಿ ಕೂದಲು ಕತ್ತರಿಸುವುದೆಂದರೆ ಏನೆಂದು ಆ ಪಾಠದಲ್ಲೂ ಇರಲಿಲ್ಲ, ಟೀವಿಯಲ್ಲೂ ಬಂದಿರಲಿಲ್ಲ.

ಹಾಗಾಗಿ ‘ಆಗಿನ ಗಾಂಭೀರ್ಯ’ ಎಂದವರಿಗೆ ನನ್ನ ಪ್ರಶ್ನೆ ಇಷ್ಟೇ: ಯಾವುದನ್ನು ಹೇಳುತ್ತೀರಿ? ಶಹನಾಯಿಯನ್ನೋ, ಆ ಘೋಷಣೆಯನ್ನೋ? ದಿನಗಟ್ಟಲೆ ಶೋಕ ಸಂಗೀತ ಹಾಕಿದವರೇ ಸೇಡಿನ ಕೂಗನ್ನೂ ದೇಶಕ್ಕೆ ಕೇಳಿಸಿದರು, ಅದರ ಫಲವನ್ನು ಮಾತ್ರ ತೋರಿಸಲಿಲ್ಲ. ಒಂದೇ ವಾಹಿನಿ, ಅದೂ ಸರ್ಕಾರದ್ದು. ಅದು ಕಂಡದ್ದೇ ದೇಶ ಕಂಡದ್ದು. ಹಾಗೆಂದು ಇಂದಿನ ನೂರು ವಾಹಿನಿಗಳಿಗೆ ನಾನು ಹಾರ ಹಾಕುತ್ತಿಲ್ಲ. 2008ರ ಮುಂಬೈ ದಾಳಿಯಲ್ಲಿ ಕಮಾಂಡೊಗಳ ಚಲನವಲನವನ್ನೇ ನೇರ ಪ್ರಸಾರ ಮಾಡಿದ್ದಕ್ಕೆ, ಕಸಬ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಛೀಮಾರಿ ಹಾಕಿತು. ಆದರೂ ಆಗಿನದಕ್ಕೂ ಈಗಿನದಕ್ಕೂ ಒಂದು ವ್ಯತ್ಯಾಸವಿದೆ: ಇಂದು ಬಚ್ಚಿಡುವುದು ಕಷ್ಟ. ಬೀದಿಯ ಹುಡುಗನ ಫೋನಿನಲ್ಲಾದರೂ ಉಳಿದಿರುತ್ತದೆ.

ಇಂದಿರಾ ಅಂತ್ಯಸಂಸ್ಕಾರದ ದೃಶ್ಯಗಳು ಈಗ ಯೂಟ್ಯೂಬಿನಲ್ಲಿವೆ, ನಿಜವಾದ ಬಣ್ಣದಲ್ಲಿ. ಬೇಕೆಂದಾಗ ನೋಡಬಹುದು. ತ್ರಿಲೋಕ್‌ಪುರಿಯ 32ನೇ ಬ್ಲಾಕಿನದು ಹಾಗೆ ಸಿಗುವುದಿಲ್ಲ. ಅಲ್ಲಿಂದ ಉಳಿದಿರುವುದು ಪತ್ರಿಕೆಯ ಕತ್ತರಿಕೆ, ಆಯೋಗಗಳ ಮುಂದೆ ಹೆಂಗಸರು ಸಲ್ಲಿಸಿದ ಅಫಿಡವಿಟ್ಟು. ಪಾಲಂನ ರಾಜ್ ನಗರದಲ್ಲಿ ಗಂಡನನ್ನೂ ಮಗನನ್ನೂ ಕಳೆದುಕೊಂಡ ತಾಯಿಯೊಬ್ಬರು ತಾನು ಕಂಡದ್ದನ್ನು ವರ್ಷಗಟ್ಟಲೆ ಹೇಳುತ್ತಲೇ ಬಂದರು. 2018ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು, ಕೆಳ ನ್ಯಾಯಾಲಯ ಬಿಟ್ಟು ಕಳಿಸಿದ್ದ ಕಾಂಗ್ರೆಸ್ಸಿನ ಮಾಜಿ ಸಂಸದ ಸಜ್ಜನ್ ಕುಮಾರ್‌ಗೆ ಜೀವಾವಧಿ ಶಿಕ್ಷೆ ವಿಧಿಸಿದಾಗ, ಆ ತಾಯಿಯ ಮಾತನ್ನು ನಂಬಿತು. ಮೂವತ್ತನಾಲ್ಕು ವರ್ಷ ಹಿಡಿದಿತ್ತು.