ದಾವೆಗೆ ಮೊದಲೇ ಸಿದ್ಧರಾಗುವವರು

ಊರಿನ ಜನ ಒಟ್ಟಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಲಿದ್ದಾರೆಂಬ ಸುಳಿವು ಸಿಕ್ಕ ದಿನವೇ ದೊಡ್ಡ ಸಂಸ್ಥೆಯು ಕೆಲಸ ಆರಂಭಿಸುತ್ತದೆ. ಊರು ಮಾತ್ರ ವಕೀಲರ ಕಚೇರಿಯಲ್ಲಿ ಕುಳಿತ ಮೇಲೆ ಹಳೆಯ ಕಾಗದ ಹುಡುಕಲು ತೊಡಗುತ್ತದೆ. ನೆಲ, ಜಲ, ಗಾಳಿ ಕೆಟ್ಟ ಅದೆಷ್ಟೋ ಪ್ರಕರಣಗಳು ಹಳ್ಳಿಗರ ಕೈತಪ್ಪಿ ಹೋಗುವುದು ಈ ಅಂತರದಲ್ಲಿ. ಸಂಪಿಗೆ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯವರು ಈ ಸಂಗತಿಯನ್ನು ಕಾಸರಗೋಡಿನ ಕನ್ನಡ ಹಳ್ಳಿಗಳಿಂದ ಕಲಿಯಬೇಕಾಗಿದೆ.

ಕೇರಳ ಸರ್ಕಾರದ ಒಡೆತನದ ಪ್ಲಾಂಟೇಶನ್ ಕಾರ್ಪೊರೇಷನ್ ಅಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯ ಭಾಗದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ಗೇರಿನ ಚಿಗುರು, ಹೂಗಳ ರಸ ಹೀರುವ ಚಹಾ ಸೊಳ್ಳೆಯೆಂಬ ಕೀಟವನ್ನು ಹತೋಟಿಗೆ ತರುವುದು ಉದ್ದೇಶ. ಗೇರು ಬೆಳೆದದ್ದು ಗುಡ್ಡದ ತಲೆಯಲ್ಲಿ. ಮನೆ, ಬಾವಿ, ಸುರಂಗಗಳಿದ್ದದ್ದು ಗುಡ್ಡದ ಬುಡದಲ್ಲಿ. ಗಾಳಿ ಬಿಟ್ಟದ್ದನ್ನು ಮಳೆನೀರು ಕೆಳಗಿಳಿಸಿತು. ಪಡ್ರೆಯಲ್ಲಿ ವಿಕಲಾಂಗ ಕರುಗಳು ಹುಟ್ಟಿದ ಸಂಗತಿಯನ್ನು ಪತ್ರಕರ್ತ ಶ್ರೀಪಡ್ರೆಯವರು 1980ರ ಆಸುಪಾಸಿನಲ್ಲೇ ಬರೆದರು. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕಂಡ ಅಸಹಜತೆಯನ್ನು 1990ರ ದಶಕದಲ್ಲಿ ಎತ್ತಿ ಹೇಳಿದರು. ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಕಾಸರಗೋಡು ಸೀಮೆಯ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ಸಿಂಪಡಣೆಗೆ ತಡೆಯಾಜ್ಞೆ ತಂದರು. 2000ದಲ್ಲಿ ಅದು ಕಾಯಂ ಆಯಿತು.

ಹೋರಾಟ ಗುಂಪಿನ ರೂಪ ತಾಳಿದೊಡನೆ ಎದುರಿನ ಪಾಳೆಯವೂ ಸಿದ್ಧವಾಯಿತು. ಆ ಸಿದ್ಧತೆಗೆ ಒಂದು ಕ್ರಮವಿದೆ.

ಮೊದಲನೆಯದು, ತನ್ನದೇ ವರದಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2001ರಲ್ಲಿ ಪಡ್ರೆಯ ನೀರು, ಮಣ್ಣು, ಜನರ ರಕ್ತದಲ್ಲಿ ಎಂಡೋಸಲ್ಫಾನ್ ಶೇಷವನ್ನು ಗುರುತಿಸಿತು. ಅದೇ ವರ್ಷ ಕಾರ್ಪೊರೇಷನ್ ತಮಿಳುನಾಡಿನ ಫಿಪ್ಪಾಟ್ ಎಂಬ ಸಂಸ್ಥೆಯಿಂದ ಬೇರೊಂದು ಅಧ್ಯಯನ ಮಾಡಿಸಿತು. ಗಾಬರಿಪಡುವಂಥದ್ದೇನೂ ಇಲ್ಲವೆಂಬ ವರದಿ ಬಂತು. ರೈತನಾದವನು ಇಲ್ಲಿ ಒಂದು ವಿಷಯವನ್ನು ತಿಳಿದಿರಬೇಕು. ಮಾದರಿಯನ್ನು ಯಾವ ದಿನ, ಯಾವ ಆಳದಿಂದ, ಸಿಂಪಡಣೆಯಾದ ಎಷ್ಟು ವಾರಗಳ ಬಳಿಕ ತೆಗೆದರು ಎಂಬುದರ ಮೇಲೆ ಫಲಿತಾಂಶ ನಿಂತಿರುತ್ತದೆ. ಎಂಡೋಸಲ್ಫಾನ್ ಮಣ್ಣಿನಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಟ್ಟು, ಮೂಲ ರೂಪಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಮೂಲ ರೂಪವನ್ನು ಮಾತ್ರ ಹುಡುಕಿದರೆ ಪಾತ್ರೆ ಬರಿದಾಗಿ ಕಾಣಬಹುದು. ಸಿಗಲಿಲ್ಲ ಎಂಬುದು ಇರಲೇ ಇಲ್ಲ ಎಂಬುದಕ್ಕೆ ಸಮನಲ್ಲ.

ಎರಡನೆಯದು, ಸಮಿತಿಯ ಮೇಲೆ ಸಮಿತಿ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನವು ಮಕ್ಕಳ ತೊಂದರೆಗೆ ಎಂಡೋಸಲ್ಫಾನ್ ಕಾರಣವಾಗಿರುವ ಸಂಭವವೇ ಹೆಚ್ಚೆಂದು ಹೇಳಿತು. ಆ ಬಳಿಕವೂ 2003ರ ದುಬೆ ಸಮಿತಿ, 2004ರ ಮಾಯೀ ಸಮಿತಿಗಳು ನಂಟು ಕಾಣದು ಎಂದವು. ಸಂಶಯ ವಿಜ್ಞಾನದ ಗುಣವೇ ಹೌದು. ಆದರೆ ಸಂಶಯದ ಲಾಭ ಪ್ರತಿ ಸಲವೂ ಸುರಿದವನಿಗೇ ಸಿಕ್ಕಿ, ಕುಡಿದವನಿಗೆ ಒಮ್ಮೆಯೂ ಸಿಗದಿದ್ದರೆ ಅದನ್ನು ವಿಜ್ಞಾನವೆನ್ನಲಾದೀತೆ?

ಮೂರನೆಯದು, ದೋಷವನ್ನು ಬೇರೆಯವರ ತಲೆಗೆ ಕಟ್ಟುವುದು. 1984ರ ಭೋಪಾಲ್ ದುರಂತದ ಬಳಿಕ ಯೂನಿಯನ್ ಕಾರ್ಬೈಡ್ ಇದನ್ನು ನಿಚ್ಚಳವಾಗಿ ತೋರಿಸಿತು. ಅತೃಪ್ತ ಕಾರ್ಮಿಕನೊಬ್ಬ ಬೇಕೆಂದೇ ಟ್ಯಾಂಕಿಗೆ ನೀರು ಬಿಟ್ಟನೆಂಬ ವಾದವನ್ನು ಅದು ಮುಂದಿಟ್ಟಿತು. ಅದಕ್ಕೆ ಸಲಹಾ ಸಂಸ್ಥೆಯೊಂದರ ಪ್ರಬಂಧದ ಬೆಂಬಲವೂ ಒದಗಿತು. ಮೊಕದ್ದಮೆ ಅಮೆರಿಕದಲ್ಲಿ ನಡೆಯಬಾರದೆಂದು ವಾದಿಸಿ ಗೆದ್ದಿತು. ಕೊನೆಗೆ 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಗಾಯಗೊಂಡವರಲ್ಲಿ ಬಹುಪಾಲು ಜನರಿಗೆ ಮೊದಲ ಸುತ್ತಿನಲ್ಲಿ ದಕ್ಕಿದ್ದು ತಲಾ 25,000 ರೂಪಾಯಿ. ಗುಂಪಾಗಿ ಸೋತವರು ಪರಿಹಾರದ ಸಾಲಿನಲ್ಲಿ ಒಬ್ಬೊಬ್ಬರಾಗಿ ನಿಂತು ತಮ್ಮ ಕೆಮ್ಮನ್ನು ರುಜುವಾತು ಮಾಡಬೇಕಾಯಿತು.

ನಾಲ್ಕನೆಯದು, ಕಾಲ. ಇದು ಸಂಸ್ಥೆಗಳ ಅತ್ಯಂತ ಅಗ್ಗದ ವಕೀಲ. ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನನ್ನು ತಡೆದದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿದ್ದು 2017ರ ಜನವರಿಯಲ್ಲಿ. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದ ಲೆಕ್ಕ ಹೀಗಿತ್ತು: 3,704 ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ್ದ ಎಂಟು ಮಂದಿಗೆ. ಗೆದ್ದ ಮೇಲೂ ಐದು ವರ್ಷ! ಹಾಸಿಗೆ ಹಿಡಿದ ಮಗುವಿನ ತಾಯಿಗೆ ಐದು ವರ್ಷವೆಂದರೆ ಏನೆಂಬುದನ್ನು ಯಾವ ಕಡತವೂ ಬರೆದುಕೊಳ್ಳುವುದಿಲ್ಲ.

ಸಂಸ್ಥೆಗೂ ತನ್ನ ಪರವಾಗಿ ವಾದಿಸುವ ಹಕ್ಕಿಲ್ಲವೇ ಎಂದು ಕೇಳುವವರುಂಟು. ಖಂಡಿತ ಇದೆ. ಆಪಾದನೆಗೆ ಪುರಾವೆ ಕೇಳುವುದು ತಪ್ಪಲ್ಲ. ಆದರೆ ಪುರಾವೆ ಕೇಳುವವನೇ ಪುರಾವೆ ಇಡಬೇಕಾಗಿದ್ದವನೂ ಹೌದು. ಸುತ್ತಲ ಬಾವಿಗಳ ನೀರನ್ನೂ ಜನರ ಆರೋಗ್ಯವನ್ನೂ ಸಿಂಪಡಣೆಗೆ ಮುನ್ನವೇ ಪರೀಕ್ಷಿಸಿ ಬಹಿರಂಗಪಡಿಸುವುದು ವಿಷ ಸುರಿಯುವವರ ಹೊಣೆ. ಇದನ್ನು ಮಾಡದೆ ಇಪ್ಪತ್ತು ವರ್ಷಗಳ ಬಳಿಕ ‘ಮೊದಲು ಹೇಗಿತ್ತು, ತೋರಿಸಿ’ ಎಂದು ಬಡವನನ್ನು ಕೇಳುವುದು ನ್ಯಾಯವಲ್ಲ. ಇಲ್ಲಿ ಎದುರಾಳಿ ಖಾಸಗಿ ಕಂಪನಿಯಲ್ಲ, ಸರ್ಕಾರದ್ದೇ ನಿಗಮ ಎಂಬುದನ್ನೂ ಮರೆಯುವಂತಿಲ್ಲ.

ತೆಂಗಿನ ಸೀಮೆಗೆ ಇದೆಲ್ಲ ದೂರದ ಮಾತಲ್ಲ. 1990ರ ದಶಕದ ಕೊನೆಯಲ್ಲಿ ನುಸಿ ಪೀಡೆ ಬಂದಾಗ ಬೇರಿನ ಮೂಲಕ ಮೊನೊಕ್ರೊಟೊಫಾಸ್ ಉಣಿಸಲು ಶಿಫಾರಸು ಬಂತು. ಆ ಬಳಿಕ 45 ದಿನ ಕಾಯಿ ಕೀಳಬಾರದೆಂಬ ಎಚ್ಚರಿಕೆಯೂ ಜೊತೆಗಿತ್ತು. ಅದೇ ಔಷಧದ 36 ಎಸ್.ಎಲ್. ರೂಪವನ್ನು ನಿಷೇಧಿಸಲು ಕೇಂದ್ರ ಸರ್ಕಾರ ಆದೇಶ ಹೊರಡಿಸಿದ್ದು 2023ರಲ್ಲಿ. ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಅದಿರು ತೆಗೆದರು. ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟ್‌ನಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ನಿಲ್ಲಿಸಬೇಕಾಯಿತು. ಗಣಿಗೆ ಮುಂಚಿನ ಬಾವಿಯ ಮಟ್ಟ, ಮರವೊಂದರ ವರ್ಷದ ಕಾಯಿ, ಗರಿಯ ಮೇಲೆ ಧೂಳು ಕೂತ ತಿಂಗಳು, ಇವನ್ನು ಎಷ್ಟು ಮನೆಗಳು ಬರೆದಿಟ್ಟಿವೆ?

ಸಂಸ್ಥೆಯ ಸಿದ್ಧತೆಗೆ ಊರಿನ ಉತ್ತರ ಊರಿನ ಸಿದ್ಧತೆಯೇ. ಪ್ರತಿ ಮಳೆಗಾಲದ ಮುಂಚೆ ಮತ್ತು ಅನಂತರ ಬಾವಿಯ ನೀರಿನ ಪರೀಕ್ಷೆಯಾಗಲಿ, ಚೀಟಿ ಭದ್ರವಾಗಿರಲಿ. ಔಷಧ ಹೊಡೆದ ದಿನ, ಡಬ್ಬಿಯ ಹೆಸರು, ಗಾಳಿಯ ದಿಕ್ಕು, ಸತ್ತ ಜೇನು, ಕಂದು ಹಾಕಿದ ಎಮ್ಮೆ, ಆಸ್ಪತ್ರೆಯ ಚೀಟಿ ಇವೆಲ್ಲ ತಾರೀಖಿನೊಡನೆ ಒಂದೇ ಪುಸ್ತಕದಲ್ಲಿರಲಿ. ಗ್ರಾಮಸಭೆಯ ನಿರ್ಣಯಕ್ಕೆ ಸಂಖ್ಯೆ, ಸಹಿ ಇರಲಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅನುಮತಿ ಪತ್ರಗಳ ಪ್ರತಿ ಕೈಗೆ ಬರಲಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೊದಲನೆಯ ಆದೇಶದ 8ನೇ ನಿಯಮವು ಒಂದೇ ಹಿತವುಳ್ಳ ಅನೇಕರ ಪರವಾಗಿ ಕೆಲವರು, ನ್ಯಾಯಾಲಯದ ಅನುಮತಿ ಪಡೆದು, ದಾವೆ ಹೂಡಲು ಅವಕಾಶ ಕೊಡುತ್ತದೆ. ಹಸಿರು ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಲು ಕಾರಣ ಹುಟ್ಟಿದಂದಿನಿಂದ ಐದು ವರ್ಷಗಳ ಗಡುವಿದೆ. ಆ ಗಡುವು ಯಾರ ಬಡತನವನ್ನೂ ನೋಡಿ ನಿಲ್ಲುವುದಿಲ್ಲ.

ಈ ಕೆಲಸಕ್ಕೆ ಪದವಿ ಬೇಡ. ಹೈಸ್ಕೂಲಿನ ಹುಡುಗಿಯೊಬ್ಬಳು ಒಂದು ನೋಟು ಪುಸ್ತಕ ಹಿಡಿದು ಬಾವಿಯ ಹಗ್ಗ ಅಳೆಯುತ್ತ ಬಂದರೆ, ಎದುರಿನವರ ದೊಡ್ಡ ವರದಿಗೆ ಊರಿನ ಕೈಯಲ್ಲಿ ಒಂದು ಉತ್ತರವಿರುತ್ತದೆ. ಪಡ್ರೆಯ ಜನರಿಗೆ ಆ ಪುಸ್ತಕ ತಡವಾಗಿ ಸಿಕ್ಕಿತು. ತೆಂಗಿನ ಸೀಮೆ ಅದನ್ನು ಇಂದೇ ತೆರೆಯಲಿ.