ಕೊರೊನಾ ಹೋಯಿತು, ಗುತ್ತಿಗೆ ನೌಕರರ ಆತಂಕ ಹೋಯಿತೇ?

ಕೊರೊನಾ ಕಾಲದ ನೌಕರರ ಮಾನಸಿಕ ಒತ್ತಡ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಬೆಂಗಳೂರಿನ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತ ಐ.ಟಿ. ಉದ್ಯೋಗಿ. ವರ್ಕ್ ಫ್ರಂ ಹೋಮ್, ಮುಗಿಯದ ಮೀಟಿಂಗು, ಒಂಟಿತನ. ಅದು ಸುಳ್ಳೇನಲ್ಲ. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಾಲೇಜುಗಳಲ್ಲಿ ಓದುವ ನಮ್ಮಲ್ಲಿ ಹೆಚ್ಚಿನವರು ಮುಂದೆ ಸೇರುವ ಕೆಲಸ ಅಂಥದ್ದಲ್ಲ. ಗುತ್ತಿಗೆ ಸ್ಟಾಫ್ ನರ್ಸ್, ಅತಿಥಿ ಉಪನ್ಯಾಸಕ, ಖಾಸಗಿ ಶಾಲೆಯ ಮೇಷ್ಟ್ರು, ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್, ಬಸ್ ಕಂಡಕ್ಟರ್. ಇವರಲ್ಲಿ ಮನೆಯಿಂದಲೇ ಕೆಲಸ ಮಾಡುವ ಅನುಕೂಲ ಯಾರಿಗಿತ್ತು? ಕೆಲವರು ಬೀದಿಗಿಳಿದು ದುಡಿದರು, ಉಳಿದವರು ಕೆಲಸವಿಲ್ಲದೆ ಮನೆಯಲ್ಲಿ ಕುಳಿತರು.

ಬೀದಿಗಿಳಿದವರಲ್ಲಿ ಮೊದಲಿಗರು ಆಶಾ ಕಾರ್ಯಕರ್ತೆಯರು. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ಬೆಂಗಳೂರಿನಿಂದ ಊರಿಗೆ ಮರಳಿದವರ ಪಟ್ಟಿ ಮಾಡುವುದು, ಕ್ವಾರಂಟೈನ್ ಆದವರ ಮನೆಗೆ ಹೋಗಿ ಜ್ವರ, ಕೆಮ್ಮು ವಿಚಾರಿಸುವುದು ಇವರ ಪಾಲಿಗೆ ಬಂತು. ಪೇಟೆಯಲ್ಲಾದರೆ ಬಂದವರು ಯಾರೋ, ಹೋದವರು ಯಾರೋ. ಹಳ್ಳಿಯಲ್ಲಿ ಹಾಗಲ್ಲ. ಯಾರ ಮನೆಯ ಹುಡುಗ ಬಂದಿದ್ದಾನೆಂದು ಆರೋಗ್ಯ ಇಲಾಖೆಗೆ ವರದಿ ಕೊಡುವ ಹೆಣ್ಣುಮಗಳು ಮರುದಿನ ಅದೇ ಬೀದಿಯ ನಲ್ಲಿಗೆ ನೀರಿಗೆ ಹೋಗಬೇಕು. ಒಂದು ಕಡೆ ‘ನಮ್ಮ ಮನೆ ಹೆಸರು ಬರೆಸಿದವಳು’ ಎಂಬ ಸಿಟ್ಟು, ಇನ್ನೊಂದು ಕಡೆ ‘ಸೋಂಕು ತರುವವಳು’ ಎಂಬ ಅನುಮಾನ. ಆರೋಗ್ಯ ಸಿಬ್ಬಂದಿ ಮೇಲಿನ ಹಲ್ಲೆಗಳು ಹೆಚ್ಚಿ, 2020ರ ಏಪ್ರಿಲ್ 22ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು ಗಂಭೀರ ಹಲ್ಲೆಗೆ 7 ವರ್ಷದವರೆಗೆ ಶಿಕ್ಷೆ ವಿಧಿಸಿತು. ಕೈ ಎತ್ತಿದವನಿಗೆ ಆ ಕಾನೂನು ಸರಿ. ಅಂಗಳಕ್ಕೆ ಕರೆಯದ ಅಕ್ಕಪಕ್ಕದವರ ಮೌನಕ್ಕೆ ಯಾವ ಕಾನೂನು?

ಇಷ್ಟಕ್ಕೆ ಅವರಿಗೆ ಸಿಗುತ್ತಿದ್ದುದು ಸಂಬಳವಲ್ಲ, ಗೌರವಧನ. ಆಗ ರಾಜ್ಯ ಸರ್ಕಾರದ ನಿಶ್ಚಿತ ಮೊತ್ತ ತಿಂಗಳಿಗೆ 4,000 ರೂಪಾಯಿ, ಉಳಿದದ್ದು ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಲಾಕ್‌ಡೌನಿನಲ್ಲಿ ಮಾಮೂಲಿ ಕೆಲಸಗಳೇ ನಿಂತಿದ್ದರಿಂದ ಆ ಪ್ರೋತ್ಸಾಹಧನಕ್ಕೂ ಕತ್ತರಿ ಬಿತ್ತು. 2020ರ ಜುಲೈ 10ರಿಂದ ರಾಜ್ಯದ ಸುಮಾರು 42,000 ಆಶಾಗಳು ತಿಂಗಳಿಗೆ 12,000 ರೂಪಾಯಿ ಕೊಡಿ ಎಂದು ಮುಷ್ಕರ ಹೂಡಿದರು. ಚಪ್ಪಾಳೆ ತಟ್ಟಿ, ಹೂಮಳೆ ಸುರಿಸಿ ನಾಲ್ಕು ತಿಂಗಳೂ ಆಗಿರಲಿಲ್ಲ.

ಅದೇ ಹೊತ್ತಿಗೆ ನಮ್ಮ ಜಿಲ್ಲಾ ಕೇಂದ್ರದಲ್ಲಿ ನಡೆದದ್ದನ್ನೂ ನೆನೆಯಬೇಕು. ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಸರ್ಕಾರಿ ಕೋಟಾದ ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಹೌಸ್ ಸರ್ಜನ್‌ಗಳು ತಿಂಗಳುಗಟ್ಟಲೆ ಬಾಕಿ ಉಳಿದ ಶಿಷ್ಯವೇತನಕ್ಕಾಗಿ ಧರಣಿ ಕುಳಿತರು. ಕೊಡಬೇಕಾದವರು ಸರ್ಕಾರವೋ ಆಡಳಿತ ಮಂಡಳಿಯೋ ಎಂಬ ಜಗ್ಗಾಟದಲ್ಲಿ ಸಿಕ್ಕಿಬಿದ್ದವರು, ಹಗಲು ರಾತ್ರಿ ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಯುವ ವೈದ್ಯರು. ಸೆಪ್ಟೆಂಬರಿನಲ್ಲಿ ರಾಜ್ಯದ ಗುತ್ತಿಗೆ ಆರೋಗ್ಯ ನೌಕರರೂ ಕೆಲಸ ಬಹಿಷ್ಕರಿಸಿದರು. ಅವರು ಕೇಳಿದ್ದು ಸಮಾನ ಕೆಲಸಕ್ಕೆ ಸಮಾನ ವೇತನ, ಸೇವಾ ಭದ್ರತೆ. ಈ ಮೂರೂ ಹೋರಾಟಗಳ ಬೇಡಿಕೆಯನ್ನು ಒಟ್ಟಿಗಿಟ್ಟು ನೋಡಿ. ವೈರಸ್ಸಿಗೆ ಹೆದರಿ ಕೆಲಸ ಬಿಟ್ಟವರಲ್ಲ ಇವರು. ಬಾಕಿ ಯಾವಾಗ ಬರುತ್ತದೆ, ಮುಂದಿನ ವರ್ಷ ಗುತ್ತಿಗೆ ನವೀಕರಣ ಆಗುತ್ತದೋ ಇಲ್ಲವೋ, ನನಗೆ ಏನಾದರೂ ಆದರೆ ಮನೆಯವರ ಗತಿಯೇನು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ್ದೇ ಅವರ ನಿದ್ದೆ ಕೆಡಿಸಿತ್ತು.

ಕಾಯಂ ನೌಕರಿ ಇದ್ದವರೂ ನೆಮ್ಮದಿಯಾಗಿರಲಿಲ್ಲ. 2020ರ ಆಗಸ್ಟಿನಲ್ಲಿ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ಆತ್ಮಹತ್ಯೆ ಮಾಡಿಕೊಂಡಾಗ, ಕೋವಿಡ್ ಕೆಲಸದ ಒತ್ತಡವೇ ಕಾರಣ ಎಂದು ಸಹೋದ್ಯೋಗಿ ವೈದ್ಯರು ದೂರಿ ಪ್ರತಿಭಟನೆಗಿಳಿದರು. ಒಂದು ಸಾವಿಗೆ ಒಂದೇ ಕಾರಣ ಅಂಟಿಸುವುದು ಸರಿಯಲ್ಲ. ಆದರೂ ದಿನಕ್ಕಿಷ್ಟು ಟೆಸ್ಟು ಎಂಬ ಗುರಿ, ಸಂಜೆಯ ವಿಡಿಯೊ ಕಾನ್ಫರೆನ್ಸಿನಲ್ಲಿ ಎಲ್ಲರೆದುರು ಲೆಕ್ಕ ಒಪ್ಪಿಸುವ ಪಾಡು ತಾಲ್ಲೂಕು ಮಟ್ಟದ ನೌಕರರಿಗೆ ಗೊತ್ತಿಲ್ಲದ್ದಲ್ಲ. ಹೊನ್ನಾಳಿಯಿಂದ ಬೇರ್ಪಟ್ಟು ಆಗಷ್ಟೇ ತಾಲ್ಲೂಕಾಗಿದ್ದ ನ್ಯಾಮತಿಯಂಥ ಕಡೆ, ಕಚೇರಿಗಳೇ ಇನ್ನೂ ಕಣ್ಣು ಬಿಡುತ್ತಿದ್ದಾಗ, ಮೇಲಿನಿಂದ ಇಳಿಯುವ ಆದೇಶಗಳು ಮಾತ್ರ ಹಳೆಯ ತಾಲ್ಲೂಕುಗಳಷ್ಟೇ ಇದ್ದವು.

ಶಿಕ್ಷಕರ ಕತೆ ಬೇರೆ. ಸರ್ಕಾರಿ ಶಾಲೆಯವರು ವಿದ್ಯಾಗಮ ಎಂದು ದೇವಸ್ಥಾನದ ಕಟ್ಟೆ, ಮರದ ನೆರಳಲ್ಲಿ ಪಾಠ ಮಾಡಿದರು. ಶಿಕ್ಷಕರಿಗೇ ಸೋಂಕು ತಗುಲಿದ ಸುದ್ದಿ ಬಂದಾಗ, 2020ರ ಅಕ್ಟೋಬರಿನಲ್ಲಿ ಅದು ನಿಂತಿತು. ಅನುದಾನರಹಿತ ಶಾಲೆಯವರಿಗೆ ಪಾಠವೂ ಇಲ್ಲ, ಸಂಬಳವೂ ಇಲ್ಲ. 2021ರ ಜೂನ್‌ನಲ್ಲಿ ಸರ್ಕಾರ ಅವರಿಗೆ 5,000, ಆಶಾಗಳಿಗೆ 3,000, ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯರಿಗೆ 2,000 ರೂಪಾಯಿ ನೆರವು ಘೋಷಿಸಿತು. ತಿಂಗಳಿಗಲ್ಲ, ಒಂದೇ ಸಲಕ್ಕೆ.

ಎರಡನೇ ಅಲೆಯಲ್ಲಿ ಹೊನ್ನಾಳಿ ತಾಲ್ಲೂಕಿನ ಅರಬಗಟ್ಟೆ ಕೋವಿಡ್ ಆರೈಕೆ ಕೇಂದ್ರದಲ್ಲಿ ಆಗಿನ ಶಾಸಕ ಎಂ.ಪಿ. ರೇಣುಕಾಚಾರ್ಯ ಸೋಂಕಿತರೊಂದಿಗೆ ಕುಣಿದ ವಿಡಿಯೊವನ್ನು ರಾಜ್ಯವೇ ನೋಡಿತು. ನಿಯಮ ಮುರಿದರೆಂದು ಟೀಕಿಸಿದವರೂ ಇದ್ದರು, ಧೈರ್ಯ ತುಂಬಿದರೆಂದು ಮೆಚ್ಚಿದವರೂ ಇದ್ದರು. ರೋಗಿಯ ಮನಸ್ಸೂ ಗೆಲುವಾಗಬೇಕು ಎಂಬ ಅರಿವು ಅಲ್ಲಿತ್ತು, ಅದನ್ನು ಒಪ್ಪೋಣ. ಆದರೆ ಇಂಥ ಕೇಂದ್ರಗಳಲ್ಲಿ ಪಿ.ಪಿ.ಇ. ಕಿಟ್ಟಿನೊಳಗೆ ಬೆವರುತ್ತ ನಿಂತ ನರ್ಸ್, ಊಟದ ತಟ್ಟೆ ಎತ್ತಿದ ಡಿ ಗ್ರೂಪ್ ನೌಕರನ ಮನಸ್ಸಿನ ಮಾತು ಆ ಚರ್ಚೆಯಲ್ಲಿ ಬರಲೇ ಇಲ್ಲ.

ಇನ್ನು ಜಗಳೂರು. ಬರಕ್ಕೆ ಹೆಸರಾದ ಈ ತಾಲ್ಲೂಕು ಮಾನಸಿಕ ಆರೋಗ್ಯದ ವಿಷಯದಲ್ಲಿ ಬಹಳ ಊರುಗಳಿಗಿಂತ ಮುಂದಿತ್ತು ಎಂದರೆ ನಂಬುವಿರಾ? ಅಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಹಳ್ಳಿಗಳಲ್ಲೇ ಗುರುತಿಸಿ, ಚಿಕಿತ್ಸೆ ಮತ್ತು ಪುನರ್ವಸತಿ ಒದಗಿಸುವ ಕೆಲಸವನ್ನು ನಿಮ್ಹಾನ್ಸ್ ಮತ್ತು ಅಂಗವಿಕಲರ ಸಂಸ್ಥೆ ಎ.ಪಿ.ಡಿ. ಕೊರೊನಾಕ್ಕೂ ಮೊದಲೇ ನಡೆಸುತ್ತಿದ್ದವು. ನಟಿ ದೀಪಿಕಾ ಪಡುಕೋಣೆ ಸ್ಥಾಪಿಸಿದ ಲಿವ್ ಲವ್ ಲಾಫ್ ಪ್ರತಿಷ್ಠಾನ 2016ರಲ್ಲಿ ತನ್ನ ಗ್ರಾಮೀಣ ಕಾರ್ಯಕ್ರಮ ಆರಂಭಿಸಿದ್ದೂ ನಮ್ಮ ಜಿಲ್ಲೆಯಲ್ಲೇ. ಇಂಥ ಕಾರ್ಯಕ್ರಮಗಳು ಹಳ್ಳಿಯ ಮನೆ ಮುಟ್ಟಲು ನೆಚ್ಚಿಕೊಳ್ಳುವುದು ಆಶಾಗಳನ್ನೇ. ಅಂದರೆ, ಮಂಕಾಗಿ ಮೂಲೆ ಹಿಡಿದವರನ್ನು ಆಸ್ಪತ್ರೆಗೆ ಕರೆತರುವುದು ಹೇಗೆಂದು ಬಲ್ಲ ಹೆಣ್ಣುಮಕ್ಕಳು ನಮ್ಮಲ್ಲೇ ಇದ್ದರು. ಅವರೇ ಮಂಕಾದಾಗ ಕರೆತರುವವರು ಯಾರು ಎಂಬುದನ್ನು ಯೋಜನೆ ಮಾಡಿದವರು ಯೋಚಿಸಿರಲಿಲ್ಲ.

ಕೊರೊನಾದ ಮೊದಲ ವರ್ಷದಲ್ಲೇ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇ 25ರಷ್ಟು ಏರಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ನಮ್ಮಲ್ಲಿ ಆ ಏರಿಕೆ ಬಂದಿದ್ದು ಮೊದಲೇ ಸೋರುತ್ತಿದ್ದ ಮಾಡಿನ ಮೇಲೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬೇರೆ ಬೇರೆ ಮಾನಸಿಕ ಸಮಸ್ಯೆ ಇರುವವರಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ.

ಆಮೇಲೆ ಏನೂ ಆಗಿಲ್ಲ ಎನ್ನಲಾಗದು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಶುರುವಾಯಿತು. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಪರೀಕ್ಷೆ, ನೇಮಕಾತಿಯ ತಲೆಬಿಸಿಯಲ್ಲಿ ನಿದ್ದೆಗೆಟ್ಟಿರುವ ಗೆಳೆಯ ಗೆಳತಿಯರೂ ಆ ಸಂಖ್ಯೆಯನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಕೊರೊನಾಕ್ಕಿಂತ ಹಳೆಯದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕಾಗಿಸಿದೆ.

ತೊಡಕು ಇರುವುದು ಇಲ್ಲೇ. ಇವೆಲ್ಲ ನೌಕರನನ್ನು ರೋಗಿಯಾದ ಮೇಲೆ ಕಾಣುತ್ತವೆ. ರೋಗಿಯಾಗಿಸುವ ಕೆಲಸವನ್ನು ಕಾಣುವುದಿಲ್ಲ. ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ಒತ್ತಡ ನಿರ್ವಹಣೆಯ ಕಾರ್ಯಾಗಾರ ನಡೆಯುತ್ತದೆ, ದೀರ್ಘವಾಗಿ ಉಸಿರೆಳೆದುಕೊಳ್ಳಿ ಎಂದು ಹೇಳಿಕೊಡುತ್ತಾರೆ. ಮೂರು ತಿಂಗಳ ಸಂಬಳ ಬರದವನು ಎಷ್ಟು ದೀರ್ಘವಾಗಿ ಉಸಿರೆಳೆದುಕೊಂಡಾನು? ದಿನಗೂಲಿ, ಗುತ್ತಿಗೆ ನೌಕರರಿಗಂತೂ ಮಂಗಳವಾರ ಮನೋವೈದ್ಯರನ್ನು ಕಾಣಬೇಕೆಂದರೆ ಅಂದಿನ ಕೂಲಿ ಖೋತಾ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಮಾರ್ಗಸೂಚಿಯೂ ನೌಕರನಿಗೆ ಬುದ್ಧಿ ಹೇಳಿದರಷ್ಟೇ ಸಾಲದು, ಕೆಲಸದ ಹೊರೆ ಮತ್ತು ವ್ಯವಸ್ಥೆಯನ್ನು ಸರಿಪಡಿಸಬೇಕು ಎನ್ನುತ್ತದೆ.

2025ರ ಜನವರಿಯಲ್ಲಿ ಆಶಾಗಳು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದ್ದರು. ಈ ಸಲ ಕೇಳಿದ್ದು 15,000 ರೂಪಾಯಿ. ನಾಲ್ಕನೇ ದಿನ ಕನಿಷ್ಠ 10,000ದ ಭರವಸೆ ಪಡೆದು ಊರಿಗೆ ಮರಳಿದರು. ಕೊರೊನಾದ ಮೊದಲ ಮಳೆಗಾಲದಲ್ಲಿ ಅವರು ಕೇಳಿದ್ದ 12,000ಕ್ಕಿಂತ ಇದು ಎರಡು ಸಾವಿರ ಕಡಿಮೆ.